ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮನೆಯಲ್ಲೇ ಕಾರಿಗೆ ಜಾಕ್ ಹಾಕುವ ಮುನ್ನ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಈ ಸಲ ವಾಹನ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಕೆಲಸದ ಸುತ್ತ ಇವೆ. ಮನೆಯಲ್ಲೇ ಕಾರು ಎತ್ತಿ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಟೈರ್ ಅದಲುಬದಲು ಮಾಡುವುದು ಹೇಗೆ ಎಂದು ಕೇಳಿದ್ದಾರೆ. ಅವನ್ನೆಲ್ಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಪೆಟ್ರೋಲ್ ಸ್ವಿಫ್ಟ್. ಆಯಿಲ್, ಆಯಿಲ್ ಫಿಲ್ಟರ್ ನಾನೇ ಬದಲಿಸಬೇಕೆಂದಿದ್ದೇನೆ. ಕಾರಿನ ಜೊತೆ ಬಂದ ಜಾಕ್ ಸಾಕೇ? ಸಾಲದಿದ್ದರೆ ಏನೇನು ಕೊಳ್ಳಬೇಕು, ಯಾವ ಕ್ರಮದಲ್ಲಿ ಎತ್ತಬೇಕು?
– ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು. ಕಾರಿನೊಂದಿಗೆ ಬರುವ ಕತ್ತರಿ ಜಾಕ್ ಇರುವುದು ದಾರಿಯಲ್ಲಿ ಪಂಕ್ಚರ್ ಆದಾಗ ಗಾಲಿ ಬದಲಿಸುವುದಕ್ಕೆ ಮಾತ್ರ. ಅದರ ಬುಡ ಅಂಗೈ ಅಗಲ, ಹೊರೆಯೆಲ್ಲ ಒಂದೇ ಸ್ಕ್ರೂ ಮೇಲೆ. ಕಾರು ನಾಲ್ಕು ಬೆರಳು ಹಿಂದಕ್ಕೋ ಮುಂದಕ್ಕೋ ಸರಿದರೆ ಸಾಕು, ವಾಲಿಬಿಡುತ್ತದೆ. ಗಾಲಿಗಳ ಮೇಲೆ ಉರುಳುವ ಹೈಡ್ರಾಲಿಕ್ ಜಾಕ್, ಅಂದರೆ ಟ್ರಾಲಿ ಜಾಕ್ ಕೊಂಡರೂ ಮಾತು ಅಷ್ಟೇ, ಅದರಲ್ಲಿ ಭಾರ ಹಿಡಿದಿರುವುದು ಆಯಿಲ್ ಮತ್ತು ರಬ್ಬರ್ ಸೀಲ್. ಜಾಕ್ ಇರುವುದು ಎತ್ತುವುದಕ್ಕೆ, ಸ್ಟ್ಯಾಂಡ್ ಇರುವುದು ಹೊರುವುದಕ್ಕೆ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತಲೆಯಿರಲಿ, ಕೈಯನ್ನೂ ಹಾಕಬೇಡಿ.

ಕೊಳ್ಳಬೇಕಾದದ್ದು 2 ಟನ್ನಿನ ಒಂದು ಟ್ರಾಲಿ ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಗಾಲಿಗೆ ಕೊಡಲು ನಾಲ್ಕು ಅಡೆ, ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಎರಡು. ಸ್ವಿಫ್ಟಿನ ಖಾಲಿ ತೂಕ ಸುಮಾರು 900 ಕೆ.ಜಿ. ಎಂಜಿನ್ನು, ಗೇರ್ ಬಾಕ್ಸು ಎರಡೂ ಮುಂದಿರುವುದರಿಂದ ಅದರಲ್ಲಿ 550 ಕೆ.ಜಿ.ಯ ಆಸುಪಾಸು ಮುಂದಿನ ಗಾಲಿಗಳ ಮೇಲೇ ಇದೆ. ಹಾಗಾಗಿ 2 ಟನ್ ಧಾರಾಳವಾಯಿತು. ಸ್ಟ್ಯಾಂಡ್ ಕೊಳ್ಳುವಾಗ ಅದಕ್ಕೆ ಅಂಟಿಸಿದ ಚೀಟಿ ಓದಿ. ಹಲವು ಕಡೆ ಬರೆದಿರುವ ಟನ್ ಲೆಕ್ಕ ಒಂದು ಸ್ಟ್ಯಾಂಡಿನದಲ್ಲ, ಜೊತೆಯದು. ಟ್ರಾಲಿ ಜಾಕಿನಲ್ಲಿ ಪೂರ್ತಿ ಇಳಿಸಿದಾಗಿನ ಎತ್ತರ ಎಷ್ಟೆಂದು ಕೇಳಿ. 13-14 ಸೆಂ.ಮೀ. ಇದ್ದರೆ ಕಾರಿನಡಿ ಹೋಗುತ್ತದೆ, 18 ಇದ್ದರೆ ಹೋಗದು.

ಕಾರನ್ನು ಮಟ್ಟಸ ನೆಲದಲ್ಲಿ ಸ್ಟಿಯರಿಂಗ್ ನೇರವಾಗಿಟ್ಟು ನಿಲ್ಲಿಸಿ. ಮೊದಲ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಹಿಂದಿನ ಎರಡೂ ಗಾಲಿಗೆ ಮುಂದೊಂದು, ಹಿಂದೊಂದು ಅಡೆ ಕೊಡಿ. ಮುಂಭಾಗ ಎತ್ತಿದಾಗ ಗೇರನ್ನು ನಂಬಿ ಕೂರಬೇಡಿ. ಇಂಥ ಕಾರಿನಲ್ಲಿ ಗೇರ್ ಹಿಡಿಯುವುದು ಮುಂಗಾಲಿಗಳನ್ನು, ಅವೇ ಮೇಲೆದ್ದಿರುತ್ತವೆ. ಒಂದೇ ಮುಂಗಾಲಿ ಎತ್ತಿದ್ದರೂ, ಎಡಬಲ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ದೆಸೆಯಿಂದ ನೆಲದಲ್ಲಿರುವ ಇನ್ನೊಂದು ಸಲೀಸಾಗಿ ತಿರುಗುತ್ತದೆ. ಹಿಂಭಾಗ ಎತ್ತುವಾಗ ಇದು ತಿರುಗುಮುರುಗು. ಹ್ಯಾಂಡ್ ಬ್ರೇಕ್ ಹಿಡಿದಿರುವುದು ಹಿಂಗಾಲಿಗಳನ್ನು, ಅವು ನೆಲ ಬಿಟ್ಟ ಮೇಲೆ ಕಾರನ್ನು ತಡೆಯುವುದು ಗೇರು ಮತ್ತು ಮುಂಗಾಲಿಯ ಅಡೆ ಮಾತ್ರ.

ಇನ್ನು ಎತ್ತುವ ಜಾಗ. ಬಾಗಿಲ ಕೆಳಗೆ ಉದ್ದಕ್ಕೆ ಎರಡು ತಗಡು ಸೇರಿಸಿ ಬೆಸೆದ ಅಂಚು ಇದೆ. ಮುಂಗಾಲಿಯ ಹಿಂದೆ, ಹಿಂಗಾಲಿಯ ಮುಂದೆ ಆ ಅಂಚಿನಲ್ಲಿ ಎರಡೆರಡು ಕಚ್ಚು ಕಾಣುತ್ತವೆ. ಆ ಎರಡು ಕಚ್ಚುಗಳ ನಡುವಿನ ಜಾಗದಲ್ಲಷ್ಟೇ ಒಳಗಿನ ತಗಡು ದಪ್ಪ. ಜಾಕನ್ನೂ ಅಲ್ಲೇ ಕೊಟ್ಟರೆ ಸ್ಟ್ಯಾಂಡಿಗೆ ಜಾಗವೆಲ್ಲಿ ಎಂದು ಮೊದಲ ಸಲ ಎತ್ತುವವರೆಲ್ಲ ತಬ್ಬಿಬ್ಬಾಗುತ್ತಾರೆ. ಅದಕ್ಕೇ ಟ್ರಾಲಿ ಜಾಕನ್ನು ಮುಂದಿನಿಂದ ತೂರಿಸಿ, ಎಂಜಿನ್ ಅಡಿಯ ದಪ್ಪ ಉಕ್ಕಿನ ಚೌಕಟ್ಟು, ಅಂದರೆ ಸಬ್‌ಫ್ರೇಮಿನ ನಡುವೆ, ಕಾರಿನ ಪುಸ್ತಕದಲ್ಲಿ ಗುರುತು ತೋರಿಸಿದ ಕಡೆ ಕೊಡಬೇಕು. ಆಗ ಎರಡೂ ಪಕ್ಕದ ಅಂಚು ಸ್ಟ್ಯಾಂಡಿಗೆ ಉಳಿಯುತ್ತದೆ. ಆಯಿಲ್ ಸಂಪ್, ಗೇರ್ ಬಾಕ್ಸ್, ರೇಡಿಯೇಟರ್ ಹೊತ್ತ ಪಟ್ಟಿ, ಒಳಗಡೆಯ ಚಪ್ಪಟೆ ತಗಡು, ಇವಕ್ಕೆಲ್ಲ ಜಾಕ್ ತಾಗಿಸಲೇಬೇಡಿ.

ಏರಿಸುವಾಗ ಜಾಕಿನ ಗಾಲಿಗಳನ್ನು ನೋಡುತ್ತಿರಿ. ಟ್ರಾಲಿ ಜಾಕಿನ ತಲೆ ನೆಟ್ಟಗೆ ಮೇಲೆ ಹೋಗುವುದಿಲ್ಲ, ಕಮಾನಿನ ದಾರಿಯಲ್ಲಿ ಹಿಂದೆ ಸರಿಯುತ್ತಾ ಏರುತ್ತದೆ. ಅಷ್ಟಕ್ಕೆ ತಕ್ಕಂತೆ ಜಾಕೇ ಮುಂದೆ ಉರುಳಬೇಕು. ಕಲ್ಲಿನ ಚೂರು ಅಡ್ಡ ಬಂದು ಅದು ನಿಂತುಬಿಟ್ಟರೆ ತಲೆ ಕಾರಿನಡಿಯಿಂದ ಜಾರುತ್ತದೆ. ಮನೆಯಲ್ಲಿ ಆಗುವ ಅನಾಹುತಕ್ಕೆ ಇದೊಂದು ದೊಡ್ಡ ಕಾರಣ, ಆದರೂ ಯಾರೂ ಇದನ್ನು ಗಮನಿಸುವುದಿಲ್ಲ. ಮೊದಲೇ ನೆಲ ಗುಡಿಸಿಕೊಳ್ಳಿ.

ಅಂಚು 30 ಸೆಂ.ಮೀ. ಎತ್ತರಕ್ಕೆ ಬಂದರೆ ಆಯಿಲ್ ಕೆಲಸಕ್ಕೆ ಸಾಕು. ಇನ್ನೂ ಏರಿಸಿದಷ್ಟೂ ಅಪಾಯ. ಎರಡೂ ಸ್ಟ್ಯಾಂಡನ್ನು, ಎತ್ತರ ಹಿಡಿದು ನಿಲ್ಲಿಸಲು ಅದರ ಕಂಬದಲ್ಲಿರುವ ಹಲ್ಲುಗಳಲ್ಲಿ ಒಂದೇ ಹಲ್ಲಿಗೆ ಎತ್ತರಿಸಿ, ರಬ್ಬರ್ ಪ್ಯಾಡಿನ ಸೀಳಿನೊಳಗೆ ಅಂಚು ಕೂರುವಂತೆ ಇಟ್ಟು, ಜಾಕಿನ ವಾಲ್ವನ್ನು ಕಾಲು ಸುತ್ತಿನಷ್ಟೇ ಬಿಚ್ಚಿ ನಿಧಾನಕ್ಕೆ ಇಳಿಸಿ. ಭಾರ ಪೂರ್ತಿ ಸ್ಟ್ಯಾಂಡಿಗೆ ಬಂದ ಮೇಲೆ ಜಾಕಿನ ತಲೆ ಅಡಿಗೆ ಮುಟ್ಟಿಯೂ ಮುಟ್ಟದಂತೆ ಏರಿಸಿ ಅಲ್ಲೇ ಬಿಡಿ. ಸ್ಟೆಪ್ನಿಯನ್ನು ಮಲಗಿಸಿ ಬಾಗಿಲ ಕೆಳಗೆ ತಳ್ಳಿ. ಕೊನೆಗೆ ಹೊರಗೆ ನಿಂತು ಬಾನೆಟ್ ಪಕ್ಕದಿಂದ ಎರಡೂ ಕೈಯಲ್ಲಿ ಜೋರಾಗಿ ತಳ್ಳಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಸ್ಟ್ಯಾಂಡಿನ ಒಂದೇ ಒಂದು ಕಾಲು ಎದ್ದರೂ ಇಳಿಸಿ ಮತ್ತೆ ಮೊದಲಿನಿಂದ ಶುರುಮಾಡಿ.

ಹೊಸ ಆಯಿಲ್ ಹಾಕಿದ ಮೇಲೆ ಡಿಪ್‌ಸ್ಟಿಕ್ ನೋಡುವುದು ಕಾರು ನಾಲ್ಕೂ ಗಾಲಿಯ ಮೇಲೆ ಬಂದಾಗ. ಮೂತಿ ಎತ್ತಿದ ಕಾರಿನಲ್ಲಿ ಅಳತೆ ತಪ್ಪು ತೋರಿಸುತ್ತದೆ.

ಪ್ರಶ್ನೆ: ಪೋರ್ಟಿಕೊದಲ್ಲಿ ಕಡಪ ಕಲ್ಲು ಹಾಸಿದ್ದೇವೆ, ಗೇಟಿನ ಬಳಿ ಇಂಟರ್‌ಲಾಕ್ ಬ್ಲಾಕ್, ಹಿತ್ತಲು ಬರೀ ಮಣ್ಣು. ಎಲ್ಲಿ ಎತ್ತುವುದು ಸರಿ?
– ಓದುಗರು, ಚಳ್ಳಕೆರೆ

ಉತ್ತರ: ಮೂರೂ ಇದ್ದಂತೆಯೇ ಸರಿಯಿಲ್ಲ. ಪೋರ್ಟಿಕೊವನ್ನು ಸರಿ ಮಾಡಿಕೊಳ್ಳಬಹುದು.

ಲೆಕ್ಕ ನೋಡಿ. ಟೈರು ನೆಲ ಒತ್ತುವುದು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. 32 ಪಿ.ಎಸ್.ಐ. ಎಂದರೆ ಚದರ ಸೆಂ.ಮೀ.ಗೆ ಸುಮಾರು 2¼ ಕೆ.ಜಿ. ಸ್ಟ್ಯಾಂಡಿನ ನಾಲ್ಕು ಪಾದ ಸೇರಿ ನೆಲಕ್ಕೆ ತಾಗುವ ಜಾಗ 40 ಚದರ ಸೆಂ.ಮೀ. ಎಂದುಕೊಂಡರೆ, 270 ಕೆ.ಜಿ. ಹೊತ್ತಾಗ ಪ್ರತಿ ಚದರ ಸೆಂ.ಮೀ. ಮೇಲೆ ಹತ್ತಿರ ಹತ್ತಿರ 7 ಕೆ.ಜಿ. ಬೀಳುತ್ತದೆ. ದಿನಾ ಕಾರು ನಿಲ್ಲಿಸಿದರೂ ಏನೂ ಆಗದ ನೆಲ ಸ್ಟ್ಯಾಂಡಿನ ಕಾಲಿಗೆ ಒಡೆಯುವುದು ಹೀಗೆ.

ಕಡಪ ಕಲ್ಲು ಗಡಸಾದರೂ ಪೆಡಸು. ಅಡಿಯಲ್ಲಿ ಗಾರೆ ತುಂಬದೆ ಪೊಳ್ಳು ಉಳಿದ ಕಡೆ ಭಾರ ಬಿದ್ದರೆ ಸದ್ದಿಲ್ಲದೆ ಎರಡು ಹೋಳಾಗುತ್ತದೆ. ನಾಣ್ಯದಿಂದ ಕಲ್ಲನ್ನು ಸಾಲಾಗಿ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಲ್ಲಿನ ಮೇಲೆ ಸ್ಟ್ಯಾಂಡ್ ಬೇಡ. ಗಟ್ಟಿ ಸದ್ದಿನ ಕಲ್ಲಿನ ಮೇಲೂ 18 ಅಥವಾ 19 ಮಿ.ಮೀ. ದಪ್ಪದ, ಒಂದಡಿ ಚದರದ ಪ್ಲೈವುಡ್ ತುಂಡು ಹಾಕಿ, ಅದರ ನಟ್ಟನಡುವೆ ಸ್ಟ್ಯಾಂಡ್ ಇಡಿ. ಹೊರೆ ಹರಡಿಕೊಳ್ಳುತ್ತದೆ, ನುಣುಪು ಕಲ್ಲಿನ ಮೇಲೆ ಉಕ್ಕಿನ ಪಾದ ಜಾರುವುದೂ ತಪ್ಪುತ್ತದೆ. ಕಲ್ಲಿನ ಸಂದುಗಳಲ್ಲಿ ಜಾಕಿನ ಗಾಲಿ ಸಿಕ್ಕಿಕೊಳ್ಳದಂತೆ ಅದಕ್ಕೂ 2 ಅಡಿಗೆ 3 ಅಡಿ ಅಳತೆಯ ಪ್ಲೈವುಡ್ ಹಾಸಿ.

ಮಳೆನೀರು ಹರಿಯಲೆಂದು ಪೋರ್ಟಿಕೊಗಳನ್ನು ರಸ್ತೆ ಕಡೆಗೆ ಓಟ ಕೊಟ್ಟೇ ಕಟ್ಟಿರುತ್ತಾರೆ. ಗಾರೆಯವರ ಮಟ್ಟಗೋಲು ಇಟ್ಟು ನೋಡಿ. ಒಂದು ಮೀಟರಿಗೆ 1 ಸೆಂ.ಮೀ. ತನಕ ಪರವಾಗಿಲ್ಲ, ಅದಕ್ಕೂ ಮಿಕ್ಕಿದ್ದರೆ ಅಲ್ಲಿ ಬೇಡವೇ ಬೇಡ.

ಇಂಟರ್‌ಲಾಕ್ ಬ್ಲಾಕುಗಳು ಮರಳಿನ ಹಾಸಿನ ಮೇಲೆ ಕೂತಿರುತ್ತವೆ. ಅದರಲ್ಲೂ ಎರೆ ನೆಲದ ಮೇಲೆ ಹಾಸಿದ್ದರೆ, ಬೇಸಗೆಯಲ್ಲಿ ಎರೆ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಎಲ್ಲಿ ಪೊಳ್ಳಾಗಿದೆಯೋ ಹೇಳಲಾಗದು. ಬರೀ ಮಣ್ಣಿನಲ್ಲಿ, ಗಟ್ಟಿ ಗರಸೇ ಆದರೂ, ಕಾರಿನಡಿ ಮಲಗುವ ಕೆಲಸ ಬೇಡ. ಮನೆ ಮುಂದಿನ ಟಾರು ರಸ್ತೆಯೂ ಆಗದು. ಏಪ್ರಿಲ್-ಮೇ ಮಧ್ಯಾಹ್ನದ ನಿಮ್ಮೂರ ಬಿಸಿಲಿಗೆ ಮೆತ್ತಗಾದ ಟಾರಿನಲ್ಲಿ ಸ್ಟ್ಯಾಂಡಿನ ಕಾಲು ಒಂದೇ ಕಡೆ ಇಳಿದು ಕಾರು ವಾಲುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಸೈಜುಗಲ್ಲು ಬೇಕಾದಷ್ಟು ಸಿಗುತ್ತದೆ. ಕೋಟೆಯನ್ನೇ ಹೊತ್ತ ಕಲ್ಲು ಒಂದು ಕಾರು ಹೊರದೇ? ಸ್ಟ್ಯಾಂಡಿಗೆ ಯಾಕೆ ದುಡ್ಡು ಹಾಕಬೇಕು?
– ವ್ಯಾಪಾರಿ, ಚಿತ್ರದುರ್ಗ

ಉತ್ತರ: ಕಲ್ಲಿನ ಬಲದ ಬಗ್ಗೆ ತಕರಾರಿಲ್ಲ, ದುರ್ಗದ ಕಲ್ಲು ಕಾರಿನ ಭಾರಕ್ಕೆ ನುಚ್ಚಾಗುವುದಿಲ್ಲ. ತೊಂದರೆ ಇರುವುದು ಅದರ ಮೈಯಲ್ಲಿ. ಸೈಜುಗಲ್ಲಿನ ಆರು ಮುಖವೂ ಉಬ್ಬುತಗ್ಗು. ಒಂದರ ಮೇಲೊಂದು ಇಟ್ಟರೆ ತಾಗುವುದು ಮೂರ್ನಾಲ್ಕು ಬಿಂದುವಿನಲ್ಲಿ ಮಾತ್ರ, ಪಕ್ಕದಿಂದ ಸ್ವಲ್ಪ ನೂಕಿದರೆ ತೂಗಾಡುತ್ತದೆ. ಗೋಡೆಯಲ್ಲಿ ಅದನ್ನು ಅಲ್ಲಾಡದಂತೆ ಹಿಡಿಯುವುದು ಚಕ್ಕೆ ಮತ್ತು ಗಾರೆ. ಕಾರಿನಡಿ ಅದ್ಯಾವುದೂ ಇಲ್ಲ. ಪಾನಾ ಹಾಕಿ ನಟ್ ಜಗ್ಗುವಾಗ ಕಾರಿಗೆ ಬೀಳುವುದು ಅಡ್ಡ ಜಗ್ಗೇ. ಇಂಥ ಕಲ್ಲನ್ನು ಗಾಲಿಗೆ ಅಡೆಯಾಗಿ ಬಳಸಿ, ಆ ಕೆಲಸಕ್ಕೆ ಒಳ್ಳೆಯದೇ.

ಸಿಮೆಂಟಿನ ಟೊಳ್ಳು ಬ್ಲಾಕ್ ಮತ್ತು ಸುಟ್ಟ ಇಟ್ಟಿಗೆಯನ್ನಂತೂ ಮುಟ್ಟಬೇಡಿ. ಇವು ಹರಡಿದ ಭಾರ ತಡೆಯುತ್ತವೆ, ಒಂದೇ ಬಿಂದುವಿಗೆ ಬಿದ್ದ ಭಾರ ತಡೆಯುವುದಿಲ್ಲ. ಬಿರುಕು ಕಾಣಿಸಿ ಎಚ್ಚರ ಕೊಡುವುದೂ ಇಲ್ಲ, ಒಮ್ಮೆಗೇ ಪುಡಿಯಾಗುತ್ತವೆ.

ಸ್ಟ್ಯಾಂಡ್ ಇಲ್ಲದೆ ಆಗುವ ಒಂದು ದಾರಿ ಮರದ್ದು. ಒಣಗಿದ, ಬಿರುಕಿಲ್ಲದ ಜಾಲಿ ಅಥವಾ ಬೇವಿನ ಮರವನ್ನು 10 ಸೆಂ.ಮೀ. ಚೌಕದ, 45 ಸೆಂ.ಮೀ. ಉದ್ದದ ತುಂಡುಗಳಾಗಿ ಕೊಯ್ಸಿ, ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಪೇರಿಸಬೇಕು. ಪೇರಿಸಿದ ಎತ್ತರ ಬುಡದ ಅಗಲಕ್ಕಿಂತ ಹೆಚ್ಚಾಗಬಾರದು. ದುಂಡನೆಯ ತೆಂಗಿನ ತುಂಡು ನಡೆಯುವುದಿಲ್ಲ.

ಪ್ರಶ್ನೆ: ಲೇತ್, ವೆಲ್ಡಿಂಗ್ ಕೆಲಸಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಸ್ಟ್ಯಾಂಡ್ ಇಲ್ಲೇ ಮಾಡಿಸಬಹುದೇ?
– ಓದುಗರು, ಹರಿಹರ

ಉತ್ತರ: ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ತಯಾರಾಗಿ ಹೊರಟ ಊರು ನಿಮ್ಮದು, ಕೈಚಳಕದ ಮಾತಲ್ಲ ಇದು. ಸ್ಟ್ಯಾಂಡಿನ ಬೆಸುಗೆ ಒಳಗೆ ಕೂಡಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಪಿನ್ನಿಗೆ ಯಾವ ಉಕ್ಕು ಹಾಕಿದ್ದಾರೆ ಎಂಬುದೂ ತಿಳಿಯದು. ತಯಾರಾದ ಮೇಲೆ ಬರೆದ ಅಳತೆಗಿಂತ ಹೆಚ್ಚು ಭಾರ ಹೇರಿ ಪರೀಕ್ಷಿಸುವ ಏರ್ಪಾಡು ಸಣ್ಣ ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ಮಟ್ಟದಲ್ಲಿ ತಯಾರಿಸಿದವರಿಗೇ ಇದು ತಪ್ಪಿದ್ದಿದೆ. 2020ರಲ್ಲಿ ಅಮೆರಿಕದಲ್ಲಿ 3 ಮತ್ತು 6 ಟನ್ನಿನ ಲಕ್ಷಾಂತರ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡರು. ಹಲ್ಲಿಗೆ ಕೊಂಡಿ ಸಾಕಷ್ಟು ಆಳಕ್ಕೆ ಕಚ್ಚದೆ, ಅಲ್ಲಾಡಿದಾಗ ಸ್ಟ್ಯಾಂಡ್ ಕುಸಿಯಬಹುದಾಗಿತ್ತು.

ಆದ್ದರಿಂದ ಸ್ಟ್ಯಾಂಡನ್ನು ಭಾರದ ಅಳತೆ ನಮೂದಾಗಿರುವಂಥದ್ದೇ ಕೊಳ್ಳಿ. ಹಲ್ಲಿನ ಸ್ಟ್ಯಾಂಡ್ ಆದರೆ ಪ್ರತಿ ಸಲ ಕೊಂಡಿ ಪೂರ್ತಿ ಕಚ್ಚಿದೆಯೇ ಎಂದು ಬಗ್ಗಿ ನೋಡಿ, ಹಿಡಿಯನ್ನು ಕೆಳಕ್ಕೆ ಒತ್ತಿ. ಅಡ್ಡ ಪಿನ್ ತೂರಿಸುವಂಥದ್ದು ನಮಗೆ ಹೆಚ್ಚು ಮೆಚ್ಚುಗೆ. ಎತ್ತರ ಬೇಕಾದಷ್ಟು ನವಿರಾಗಿ ಹೊಂದಿಸಲಾಗದು ನಿಜ, ಆದರೆ ಪಿನ್ ಒಳಗಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಹಲ್ಲೂ ಪಿನ್ನೂ ಎರಡೂ ಇರುವುದು ಸಿಕ್ಕರೆ ಅದನ್ನೇ ತನ್ನಿ. ಊರಲ್ಲಿ ಮಾಡಿಸಲು ಬೇರೆ ಸಾಮಾನಿದೆ. ಸ್ಟ್ಯಾಂಡಿನಡಿ ಹಾಕಲು 6 ಮಿ.ಮೀ. ದಪ್ಪದ, ಒಂದಡಿ ಚದರದ ಉಕ್ಕಿನ ತಟ್ಟೆ, ಆಂಗಲ್ ಬಗ್ಗಿಸಿ ಮಾಡಿದ ಗಾಲಿ ಅಡೆ.

ಪ್ರಶ್ನೆ: ಬೊಲೆರೊ ಹಿಂದಿನ ಗಾಲಿ ಬಿಚ್ಚಿ ಬ್ರೇಕ್ ಶೂ ನೋಡಬೇಕು. ಚಾಸಿಗೆ ಜಾಕ್ ಕೊಟ್ಟರೆ ಎಷ್ಟು ಏರಿಸಿದರೂ ಗಾಲಿ ನೆಲ ಬಿಡುವುದಿಲ್ಲ. ಯಾಕೆ?
– ರೈತರು, ಜಗಳೂರು

ಉತ್ತರ: ಚಾಸಿ ಮೇಲೆ ಹೋದಂತೆ ಪಟ್ಟಿ ಸ್ಪ್ರಿಂಗಿನ ಒತ್ತಡ ಬಿಚ್ಚಿಕೊಂಡು ಆಕ್ಸಲ್ ಕೆಳಗೇ ಉಳಿಯುತ್ತದೆ. ಸ್ಪ್ರಿಂಗ್ ಪೂರ್ತಿ ಜೋಲುವ ತನಕ ಗಾಲಿ ಏಳದು, ಅಷ್ಟರಲ್ಲಿ ಜಾಕ್ ತುತ್ತತುದಿಗೆ ಬಂದಿರುತ್ತದೆ. ಹಿಂದಿನ ಕೆಲಸಕ್ಕೆ ಜಾಕನ್ನು ಆಕ್ಸಲ್ ಕೊಳವೆಯ ಅಡಿಗೆ, ಪಟ್ಟಿ ಸ್ಪ್ರಿಂಗಿನ ಹತ್ತಿರಕ್ಕೆ ಕೊಡಿ. ನಾಲ್ಕೈದು ಇಂಚಿಗೆ ಕೆಲಸ ಮುಗಿಯುತ್ತದೆ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದ ಯೂ ಬೋಲ್ಟಿನ ತುದಿಯ ಮೇಲೆ ಜಾಕಿನ ತಲೆ ಕೂರದಂತೆ, ಬ್ರೇಕ್ ಪೈಪ್ ನಡುವೆ ಸಿಕ್ಕದಂತೆ ನೋಡಿಕೊಳ್ಳಿ. ನಡುವಿನ ಡಿಫರೆನ್ಷಿಯಲ್ ಗುಂಡಿಗೆ ಕೊಟ್ಟರೆ ವಾಹನ ಒಂದೇ ಬಿಂದುವಿನ ಮೇಲೆ ತೂಗುತ್ತದೆ. ಒಂದೊಂದೇ ಪಕ್ಕ ಎತ್ತುವುದು ವಾಸಿ.

ಬಾಟಲ್ ಜಾಕ್ ಈ ಕೆಲಸಕ್ಕೆ ಸರಿಹೊಂದುತ್ತದೆ, ಆದರೆ ಬುಡಕ್ಕೆ ಹಲಗೆ ಕೊಟ್ಟು ನೆಟ್ಟಗೆ ನಿಲ್ಲಿಸಿ. ಸ್ಟ್ಯಾಂಡನ್ನೂ ಆಕ್ಸಲ್ ಕೊಳವೆಗೇ, ಜಾಕಿನ ಮಗ್ಗುಲಿಗೆ ಕೊಡಿ. ಬೊಲೆರೊಗೆ 3 ಟನ್ನಿನ ಸ್ಟ್ಯಾಂಡ್ ಬೇಕು. ಶೂ ನೋಡಲು ಡ್ರಮ್ ತೆಗೆಯಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕಾಗುತ್ತದೆ. ಹಿಂಗಾಲಿ ಒಂದು ಮೇಲಿದ್ದಾಗ ಗೇರೂ ಹಿಡಿಯದು. ಆಮೇಲೆ ಗಾಡಿಯನ್ನು ನಿಲ್ಲಿಸಿರುವುದು ಅಡೆ ಒಂದೇ. ನೆಲದಲ್ಲಿರುವ ಮೂರೂ ಗಾಲಿಗೆ ಎರಡೂ ಬದಿಯಿಂದ ಅಡೆ ಕೊಟ್ಟ ಮೇಲೆಯೇ ಹ್ಯಾಂಡ್ ಬ್ರೇಕ್ ಇಳಿಸಿ.

ಪ್ರಶ್ನೆ: ಟ್ರಾಲಿ ಜಾಕ್ ಏರಿಸಿಟ್ಟರೆ ಹತ್ತು ನಿಮಿಷಕ್ಕೆ ತಾನಾಗಿ ಇಳಿಯುತ್ತದೆ. ಪಂಪ್ ಮಾಡುವಾಗ ಸ್ಪಂಜಿನಂತೆ ಮೆತ್ತಗೆ ಅನ್ನಿಸುತ್ತದೆ. ರಿಪೇರಿ ಮಾಡಬಹುದೇ?
– ಓದುಗರು, ಹೊಸದುರ್ಗ

ಉತ್ತರ: ಮೆತ್ತಗಾಗುವುದು ಆಯಿಲಿಗೆ ಗಾಳಿ ಸೇರಿದ್ದರಿಂದ, ಇಲ್ಲವೇ ಆಯಿಲ್ ಕಡಿಮೆಯಾದದ್ದರಿಂದ. ವಾಲ್ವ್ ಬಿಚ್ಚಿ ಹಿಡಿಯನ್ನು 10-15 ಸಲ ಪೂರ್ತಿ ಆಡಿಸಿದರೆ ಗಾಳಿ ಮೇಲೆ ಬರುತ್ತದೆ. ನಂತರ ಜಾಕನ್ನು ಪೂರ್ತಿ ಇಳಿಸಿ, ಆಯಿಲ್ ತೂತಿನ ರಬ್ಬರ್ ಬಿರಡೆ ತೆಗೆದು, ತೂತಿನ ಅಂಚಿಗಿಂತ ತುಸು ಕೆಳಗಿನ ತನಕ ಹೈಡ್ರಾಲಿಕ್ ಜಾಕ್ ಆಯಿಲ್ ಹಾಕಿ. ಅಂಗಡಿಯಲ್ಲಿ ಅದು ಇಲ್ಲವೆಂದು ಬ್ರೇಕ್ ಆಯಿಲ್ ಕೊಟ್ಟರೆ ಬೇಡವೆನ್ನಿ. ಜಾಕಿನ ರಬ್ಬರ್ ಸೀಲ್ ಅದಕ್ಕೆ ಉಬ್ಬಿ ಹಾಳಾಗುತ್ತದೆ.

ತಾನಾಗಿ ಇಳಿಯುವುದು ಬೇರೆ ರೋಗ. ವಾಲ್ವಿನ ಗುಂಡಿನಡಿ ಕಸ ಸಿಕ್ಕಿರಬಹುದು, ಹಳೆ ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಉಕ್ಕಿನ ದಂಡದ ಸುತ್ತ ಆಯಿಲ್ ಜಿನುಗುತ್ತಿದ್ದರೆ ಸೀಲ್ ಸವೆದಿದೆ. ಸೀಲ್ ಹಾಕಿಸಿದ ಮೇಲೂ ಕಾರನ್ನು ಒಂದು ಗೇಣು ಎತ್ತಿ, ಅಡಿಗೆ ತಾಗದಂತೆ ಸ್ಟ್ಯಾಂಡ್ ಇಟ್ಟು, ಅರ್ಧ ಗಂಟೆ ಬಿಟ್ಟು ಅಳೆದು ನೋಡಿ. ಮತ್ತೆ ಇಳಿದಿದ್ದರೆ ಗುಜರಿಗೆ ಹಾಕಿ. ಯಾರಿಗಾದರೂ ಕೊಟ್ಟುಬಿಡುವುದು ಸರಿಯಲ್ಲ.

ಪ್ರಶ್ನೆ: ನಿವೃತ್ತಿಯಾದ ಮೇಲೆ ಅಪ್ಪ ಭಾನುವಾರ ಭಾನುವಾರ ಕಾರಿನಡಿ ಮಲಗಿ ಕೆಲಸ ಮಾಡುತ್ತಾರೆ. ಮನೆಯಲ್ಲಿರುವ ನಾವು ಏನು ಗಮನಿಸಬೇಕು?
– ಓದುಗರು, ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಉತ್ತರ: ಅವರು ಅಡಿಗೆ ಹೋಗುವ ಮುನ್ನ ಎರಡು ಸ್ಟ್ಯಾಂಡ್ ಕಾಣಬೇಕು, ಕಾಣದಿದ್ದರೆ ಹೋಗಲು ಬಿಡಬೇಡಿ. ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರು ಇರಲಿ. ಕೆಲಸ ಮುಗಿಯುವ ತನಕ ಕಾರಿನ ಬಾಗಿಲು ತೆಗೆಯುವುದು, ಡಿಕ್ಕಿ ಬಡಿಯುವುದು, ಮಕ್ಕಳು ಒಳಗೆ ಕೂರುವುದು ಯಾವುದೂ ಬೇಡ. ಕೀಲಿ ಅಪ್ಪನ ಜೇಬಿನಲ್ಲೇ ಇರಲಿ.

ಜಾಕ್ ಹಿಡಿಯನ್ನು ಹೇಗೆ ಆಡಿಸುವುದು, ವಾಲ್ವನ್ನು ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂದು ನೀವೂ ಕಲಿತುಕೊಳ್ಳಿ. ಅಕಸ್ಮಾತ್ ಕಾರು ಜಾರಿ ಅವರು ಸಿಕ್ಕಿಕೊಂಡರೆ ಕಾಲು ಹಿಡಿದು ಎಳೆಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಜಾಕನ್ನು ಗಟ್ಟಿ ಜಾಗಕ್ಕೆ ಕೊಟ್ಟು ಎತ್ತಲಿ, ಏರಿದಷ್ಟಕ್ಕೂ ಸ್ಟೆಪ್ನಿ, ಮರದ ತುಂಡು ತುರುಕುತ್ತಾ ಹೋಗಲಿ. ನೀವು ನಿಮ್ಮ ಕೈಯನ್ನು ಅಡಿಗೆ ಕೊಡಬೇಡಿ.

ಪ್ರಶ್ನೆ: ಹೆದ್ದಾರಿಯಲ್ಲಿ ಪಂಕ್ಚರ್ ಆದರೆ ಸ್ಟ್ಯಾಂಡ್ ಎಲ್ಲಿಂದ ತರುವುದು?
– ಓದುಗರು, ಹಿರಿಯೂರು

ಉತ್ತರ: ಗಾಲಿ ಬದಲಿಸಲು ಕತ್ತರಿ ಜಾಕ್ ಸಾಕು, ಕಾರಿನಡಿ ಹೋಗುವ ಕೆಲಸ ಅದರಲ್ಲಿಲ್ಲ. ರಾಷ್ಟ್ರೀಯ ಹೆದ್ದಾರಿ 48ರ ವೇಗದಲ್ಲಿ ಬಲಗಾಲಿ ಪಂಕ್ಚರ್ ಆದರೆ ಅಂಚಿನಲ್ಲೇ ಕೂತು ಬಿಚ್ಚಬೇಡಿ. ರಿಮ್ ಹಾಳಾದರೂ ಸರಿ, ನಿಧಾನಕ್ಕೆ ಸರ್ವಿಸ್ ರಸ್ತೆಗೋ ಬಂಕಿಗೋ ಉರುಳಿಸಿ. ಅದು ಆಗದಿದ್ದರೆ ಹೆದ್ದಾರಿ ಸಹಾಯವಾಣಿ 1033. ನಟ್‌ಗಳನ್ನು ಗಾಲಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಬಿಚ್ಚಿದ ಗಾಲಿ ಬಾಗಿಲ ಕೆಳಗೆ ಮಲಗಿರಲಿ. ಕತ್ತರಿ ಜಾಕಿನಡಿ ಹಾಕಲು ಒಂದಡಿ ಪ್ಲೈವುಡ್ ತುಂಡು ಡಿಕ್ಕಿಯಲ್ಲಿ ಸದಾ ಇಟ್ಟುಕೊಳ್ಳಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಇದೇ ಕ್ರಮವೇ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಕ್ರಮ ಇದೇ, ಜಾಗದಲ್ಲಿ ಮಾತ್ರ ಸಡಿಲವಿಲ್ಲ. ಬಹುತೇಕ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ನೆಲದ ಉದ್ದಗಲಕ್ಕೂ ಹರಡಿರುತ್ತದೆ. ಪುಸ್ತಕದಲ್ಲಿ ತೋರಿಸಿದ ಬಿಂದುಗಳನ್ನು ಬಿಟ್ಟು ಒಳಗೆ ಎಲ್ಲೂ ಜಾಕ್ ತಾಗಬಾರದು. ಪೆಟ್ರೋಲ್ ಕಾರಿಗಿಂತ ತೂಕವೂ ಹೆಚ್ಚು, ಸ್ಟ್ಯಾಂಡನ್ನು ಆ ತೂಕ ನೋಡಿ ಆರಿಸಿ.

ಪ್ರಶ್ನೆ: ಹಳೆಯ ಆಲ್ಟೊ. ಜಾಕ್ ಕೊಡುವ ಅಂಚು ಒಂದು ಕಡೆ ಮಡಚಿಕೊಂಡಿದೆ, ಇನ್ನೊಂದು ಕಡೆ ತುಕ್ಕು. ಮತ್ತೆ ಅಲ್ಲೇ ಎತ್ತಬಹುದೇ?
– ಓದುಗರು, ಹೊಳಲ್ಕೆರೆ

ಉತ್ತರ: ಮಡಚಿದ್ದು ಜಾಕಿನ ಚಪ್ಪಟೆ ತಲೆಯನ್ನು ಸೀಳಿನ ಪ್ಯಾಡ್ ಇಲ್ಲದೆ ಕೊಟ್ಟದ್ದಕ್ಕೆ. ದೊಡ್ಡ ಇಕ್ಕಳದಲ್ಲಿ ಸ್ವಲ್ಪಸ್ವಲ್ಪವೇ ನೆಟ್ಟಗೆ ಮಾಡಿ, ಬಣ್ಣ ಬಿರಿದ ಕಡೆ ಪ್ರೈಮರ್ ಹಚ್ಚಿದರೆ ಮತ್ತೆ ಬಳಸಬಹುದು. ತುಕ್ಕಿನ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ತುದಿಯಿಂದ ಬಲವಾಗಿ ಒತ್ತಿ. ಮೇಲಿನ ಪುಡಿ ಉದುರಿ ಗಟ್ಟಿ ಲೋಹ ಸಿಕ್ಕರೆ ಉಜ್ಜಿ ಬಣ್ಣ ಹಚ್ಚಿಸಿ. ಸದ್ದು ಮಂದವಾಗಿದ್ದರೆ, ಇಲ್ಲವೇ ತುದಿ ಒಳಕ್ಕೆ ಹೊಕ್ಕರೆ ಅಲ್ಲಿ ಜಾಕೂ ಬೇಡ, ಸ್ಟ್ಯಾಂಡೂ ಬೇಡ. ತಗಡು ಕತ್ತರಿಸಿ ಹೊಸದು ಬೆಸೆಯುವ ತನಕ ಆ ಪಕ್ಕದ ಕೆಲಸವನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿಯೇ ಮಾಡಿಸಿ. ಎರಡು ಕಂಬದ ಲಿಫ್ಟ್ ಇರುವ ಕಡೆ ಒಯ್ದರೆ ಅದರ ತೋಳುಗಳೂ ಇದೇ ಅಂಚಿಗೆ ಕೊಡುವಂಥವು, ಎತ್ತುವ ಮೊದಲೇ ತುಕ್ಕು ತೋರಿಸಿ.